ಕಚೇರಿಯೇ ಪರೀಕ್ಷೆ

ಬೆಂಗಳೂರಿನಿಂದ ಪುಣೆಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ತುಮಕೂರನ್ನು ದಾಟಿ ಶಿರಾ ಪಟ್ಟಣವನ್ನು ತಲಪುವುದಕ್ಕೆ ಮೊದಲು ಕಳ್ಳಂಬೆಳ್ಳ ಎಂಬ ಊರು ಸಿಗುತ್ತದೆ. ಮಳೆ ಕಡಿಮೆಯಾದ ಸೀಮೆ. ಊರಿನ ದೊಡ್ಡ ಕೆರೆಗೆ ಹೇಮಾವತಿಯ ನೀರು ಹರಿದು ಬಂದ ವರ್ಷ ಜನರ ಮುಖದಲ್ಲಿ ಕಳೆಯಿರುತ್ತದೆ. ಆದರೆ ನೀರಿಗೆ ಬರವಿದ್ದರೂ ಹಾಡಿಗೆ ಇಲ್ಲಿ ಬರವಿಲ್ಲ. ಶಿರಾ ತಾಲ್ಲೂಕಿನ ಕಾಡುಗೊಲ್ಲರು ತಮ್ಮ ಸಾಂಸ್ಕೃತಿಕ ವೀರನಾದ ಜುಂಜಪ್ಪನ ಕಥೆಯನ್ನು ಹಾಡುತ್ತಾರೆ. ಹಾಡಿಗೆ ಜೊತೆಯಾಗಿ ಗಣೆಯನ್ನು ನುಡಿಸುತ್ತಾರೆ. ಗಣೆಯೆಂದರೆ ಸಾಧಾರಣ ಕೊಳಲಿಗಿಂತ ಬಹಳ ಉದ್ದವಾದ ಬಿದಿರಿನ ವಾದ್ಯ. ಸುತ್ತಲಿನ ಊರುಗಳಲ್ಲಿ ಭಜನೆಯುಂಟು, ಕೋಲಾಟವುಂಟು. ಕುರುಕ್ಷೇತ್ರದಂತಹ ಪೌರಾಣಿಕ ನಾಟಕವನ್ನು ಕಲಿಸುವ ಹಾರ್ಮೋನಿಯಂ ಮೇಷ್ಟ್ರುಗಳುಂಟು.

ಇಂತಹ ಊರಿನ ಹುಡುಗಿಯೊಬ್ಬಳು, "ನಾನು ಮೈಸೂರಿಗೆ ಹೋಗಿ ಸಂಗೀತದಲ್ಲಿಯೇ ಎಂ.ಎ. ಮಾಡುತ್ತೇನೆ" ಎಂದು ಮನೆಯಲ್ಲಿ ಹೇಳಿದಳೆನ್ನಿ. "ಹಾಡೋದಕ್ಕೂ ಡಿಗ್ರಿ ಬೇಕೇನವ್ವ?" ಎಂದು ಅಜ್ಜ ಕೇಳದೆ ಇರಲಾರನು. ಅಜ್ಜನ ಪ್ರಶ್ನೆಯನ್ನು ತಿಳಿಯದವರ ಮಾತೆಂದು ತಳ್ಳಿಹಾಕುವಂತಿಲ್ಲ. ಗಣೆಯನ್ನು ನುಡಿಸುವವನು ಯಾವ ಕಾಲೇಜಿಗೆ ಹೋಗಿದ್ದನು? ಸಂಗೀತದಲ್ಲಿ ಸ್ನಾತಕೋತ್ತರ ಪದವಿ ಎಂದರೇನು, ಅಲ್ಲಿ ಏನನ್ನು ಕಲಿಯುತ್ತಾರೆ, ಏನನ್ನು ಕಲಿಯಲಾಗುವುದಿಲ್ಲ ಎಂಬುದನ್ನು ವಿಚಾರಿಸಿದಲ್ಲದೆ ಅದಕ್ಕೆ ಉತ್ತರ ಸಿಗದು.

ಹಾಡಲು ಬಲ್ಲವರು ಇನ್ನೂ ಹೆಚ್ಚಿನ ಅಭ್ಯಾಸಕ್ಕಾಗಿ ಊರು ಬಿಟ್ಟು ಹೋಗುವುದು ಹೊಸ ಸಂಗತಿಯೇನೂ ಅಲ್ಲ. 1865ರಲ್ಲಿ ಮೈಸೂರಿನಲ್ಲಿ ಜನಿಸಿದ ವಾಸುದೇವಾಚಾರ್ಯರು ಬಾಲ್ಯದಲ್ಲಿ ಸಂಸ್ಕೃತವನ್ನು ಓದಿದರು. ವೀಣೆ ಪದ್ಮನಾಭಯ್ಯನವರಲ್ಲಿ ಸಂಗೀತವನ್ನು ಕಲಿತರು. ಆ ವೇಳೆಗೆ ಅವರು ಹಾಡಬಲ್ಲವರೇ ಆಗಿದ್ದರು. ಆದರೂ ಮಹಾರಾಜರಾದ ಚಾಮರಾಜ ಒಡೆಯರು ಅರಮನೆಯ ಖರ್ಚಿನಿಂದ ಅವರನ್ನು ಕಾವೇರಿಯ ದಡದ ತಿರುವಯ್ಯಾರಿಗೆ ಕಳುಹಿಸಿದರು. ಅಲ್ಲಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಮನೆಯಲ್ಲಿದ್ದು ಅವರು ಹಲವು ವರ್ಷ ಕಲಿತು ಬಂದರು. ವಿದ್ಯಾರ್ಥಿ ವೇತನ, ಪರವೂರಿನ ವಾಸ, ಒಬ್ಬ ಶ್ರೇಷ್ಠ ಗುರು, ಬೇರೆ ಕೆಲಸವಿಲ್ಲದ ಕೆಲವು ವರ್ಷಗಳು: ಇಂದಿನ ಸ್ನಾತಕೋತ್ತರ ಅಭ್ಯಾಸದಲ್ಲಿರುವ ಮುಖ್ಯ ಅಂಶಗಳೆಲ್ಲ ಅದರಲ್ಲಿದ್ದುವು. ಪದವಿ ಪತ್ರವೊಂದು ಮಾತ್ರ ಇರಲಿಲ್ಲ. ಹಿಂದಿರುಗಿದ ಮೇಲೆ ಅವರು ಆಸ್ಥಾನ ವಿದ್ವಾಂಸರಾದರು.

ಯೂರೋಪಿನಲ್ಲಿ ಈ ಕೆಲಸಕ್ಕೆಂದೇ ನಿಂತ ವಿದ್ಯಾಲಯವನ್ನು ಕನ್ಸರ್ವೇಟರಿ ಎನ್ನುತ್ತಾರೆ. ಈ ಹೆಸರಿನ ಹುಟ್ಟು ವಿಚಿತ್ರವಾದುದು. ಇಟಲಿಯ ನೇಪಲ್ಸ್ ನಗರದಲ್ಲಿ ತಬ್ಬಲಿ ಮಕ್ಕಳನ್ನು ಕಾಪಾಡುವ ಮನೆಗಳಿದ್ದುವು. 'ಕಾಪಾಡುವ ಸ್ಥಳ' ಎಂಬ ಅರ್ಥದಲ್ಲಿ ಅವುಗಳಿಗೆ ಆ ಹೆಸರು ಬಂದಿತು. ಮಕ್ಕಳಿಗೆ ಒಂದು ಕಸುಬು ಇರಲೆಂದು ಅಲ್ಲಿ ಸಂಗೀತವನ್ನು ಕಲಿಸಿದರು. ಕ್ರಮೇಣ ತಬ್ಬಲಿಗಳ ಮನೆಯೆಂಬ ಅರ್ಥ ಮರೆಯಾಗಿ ಸಂಗೀತದ ಶಾಲೆ ಎಂಬ ಅರ್ಥವೇ ಉಳಿಯಿತು. ಪ್ಯಾರಿಸ್ ನಗರದ ಕನ್ಸರ್ವೇಟರಿ 1795ರಲ್ಲಿ ಸ್ಥಾಪನೆಯಾಯಿತು. ಲಂಡನ್ನಿನ ರಾಯಲ್ ಅಕಾಡೆಮಿ 1822ರಲ್ಲಿ, ಗಿಲ್ಡ್‌ಹಾಲ್ ಸಂಗೀತ ಶಾಲೆ 1880ರಲ್ಲಿ ಆರಂಭವಾದುವು.

ಆ ಗಿಲ್ಡ್‌ಹಾಲ್ ಶಾಲೆಗೂ ನಮ್ಮ ನಾಡಿಗೂ ಒಂದು ನಂಟು ಇದೆ. ಮೈಸೂರಿನ ಕೊನೆಯ ಮಹಾರಾಜರಾದ ಜಯಚಾಮರಾಜ ಒಡೆಯರು ಪಿಯಾನೊ ವಾದನದಲ್ಲಿ ಪರಿಣತರು. ಅದನ್ನೇ ವೃತ್ತಿಯಾಗಿ ಕೈಕೊಂಡು ಕಚೇರಿಗಳನ್ನು ನಡೆಸಬೇಕೆಂಬುದು ಅವರ ತರುಣ ವಯಸ್ಸಿನ ಆಸೆಯಾಗಿತ್ತು. 1940ರಲ್ಲಿ ತಂದೆಯವರೂ ದೊಡ್ಡಪ್ಪನವರೂ ಒಬ್ಬರ ಹಿಂದೊಬ್ಬರು ತೀರಿಕೊಂಡು ರಾಜ್ಯಭಾರ ಹೆಗಲಿಗೆ ಬಂದಾಗ ಆ ಆಸೆಯನ್ನು ಬಿಡಬೇಕಾಯಿತು. ಆದರೂ ಅಭ್ಯಾಸವನ್ನು ಬಿಡಲಿಲ್ಲ. 1945ರಲ್ಲಿ ಅವರು ಗಿಲ್ಡ್‌ಹಾಲ್ ಶಾಲೆಯ ಲೈಸೆನ್ಷಿಯೇಟ್ ಪದವಿಯನ್ನು ಪಡೆದರು. ರಷ್ಯದ ಸಂಗೀತ ರಚನಕಾರ ಮೆಟ್ನರ್ ಮುಪ್ಪಿನಲ್ಲಿ ಲಂಡನ್ನಿನಲ್ಲಿ ಕಷ್ಟಪಡುತ್ತಿದ್ದಾಗ ಆತನ ಕೃತಿಗಳ ಧ್ವನಿಮುದ್ರಣಕ್ಕೆ ಒಡೆಯರು ಧನಸಹಾಯ ಮಾಡಿದರು. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕನ್ಚರ್ಟೊವನ್ನು ಅವರಿಗೆ ಅರ್ಪಿಸಿದನು. ಪಾಶ್ಚಾತ್ಯ ಸಂಗೀತದಲ್ಲಿ ಇಷ್ಟು ಮುಂದುವರಿದ ಒಡೆಯರೇ ಮುಂದೆ ಕರ್ಣಾಟಕ ಸಂಗೀತಕ್ಕೆ ತಿರುಗಿ, 'ಶ್ರೀವಿದ್ಯಾ' ಎಂಬ ಅಂಕಿತದಲ್ಲಿ ತೊಂಬತ್ತಕ್ಕೂ ಮಿಕ್ಕಿ ಕೃತಿಗಳನ್ನು ರಚಿಸಿದರು.

ಭಾರತದಲ್ಲಿ ಸಂಗೀತವು ಶಾಲೆಯ ಗೋಡೆಗಳೊಳಗೆ ಬಂದುದು ಸುಲಭವಾಗಿ ಅಲ್ಲ. ಬರೋಡದಲ್ಲಿ ಮೌಲಾಬಕ್ಷ್ 1886ರಲ್ಲಿ ಸಂಗೀತ ಶಾಲೆಯನ್ನು ನಡೆಸತೊಡಗಿದರು. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿದರು. ಮನೆತನದ ಗುಟ್ಟಾಗಿದ್ದ ವಿದ್ಯೆ ಹಣ ಕಟ್ಟಿದವರಿಗೆಲ್ಲ ಸಿಗುವುದೆಂದರೆ ಹಳೆಯ ಉಸ್ತಾದರಿಗೆ ಹೇಗೆ ಒಪ್ಪಿಗೆಯಾದೀತು? ಆದರೂ ದಾರಿ ತೆರೆಯಿತು. ಮೈಸೂರು ವಿಶ್ವವಿದ್ಯಾಲಯವು 1965ರಲ್ಲಿ ಸಂಗೀತ ಮತ್ತು ನೃತ್ಯಗಳಿಗಾಗಿ ಒಂದು ಕಾಲೇಜನ್ನು ತೆರೆಯಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ ಮೊದಲಾದ ಮಹಾಗಾಯಕರನ್ನೇ ಕರೆದು ಪಾಠ ಹೇಳಿಸಿತು. 2009ರ ಕಾಯಿದೆಯ ಮೂಲಕ ಮೈಸೂರಿನಲ್ಲಿ ಸಂಗೀತಕ್ಕೂ ಪ್ರದರ್ಶಕ ಕಲೆಗಳಿಗೂ ಮೀಸಲಾದ ವಿಶ್ವವಿದ್ಯಾಲಯ ರೂಪುಗೊಂಡಿತು. ಅದಕ್ಕೆ ಇಟ್ಟ ಹೆಸರು ಗಂಗೂಬಾಯಿ ಹಾನಗಲ್ ಅವರದು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಗಂಗೂಬಾಯಿಯವರು ಓದಿದ್ದು ಐದನೆಯ ತರಗತಿಯವರೆಗೆ ಮಾತ್ರ. ಅವರ ವಿದ್ಯಾಲಯವು ಕುಂದಗೋಳದಲ್ಲಿದ್ದ ಗುರು ಸವಾಯಿ ಗಂಧರ್ವರ ಮನೆ. ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗುವುದು, ಕಲಿಯುವುದು, ಮರಳಿ ರೈಲು ಹತ್ತುವುದು. ಅದೇ ಮನೆಯಲ್ಲಿ ಭೀಮಸೇನ ಜೋಶಿಯೆಂಬ ಹುಡುಗ ಗುರುವಿಗಾಗಿ ನೀರು ಹೊತ್ತು ಕಲಿಯುತ್ತಿದ್ದನು. ಈ ಹುಡುಗ ಅದಕ್ಕೆ ಮುಂಚೆ ಮನೆ ಬಿಟ್ಟು ಓಡಿ ಗ್ವಾಲಿಯರಿನ ಮಾಧವ ಸಂಗೀತ ಶಾಲೆಯಲ್ಲಿ ಕೆಲಕಾಲ ಕಲಿತವನು. ಶಾಲೆ ಸಾಲದೆ ಗುರುವನ್ನು ಹುಡುಕಿಕೊಂಡು ತಿರುಗಿ ಬಂದವನು. ಹಾಗಿರುವಾಗ ಐದನೆಯ ತರಗತಿ ಓದಿದ ಗಾಯಕಿಯ ಹೆಸರಿನಲ್ಲಿ ಎಂ.ಎ. ಪದವಿಯನ್ನು ಕೊಡುವುದು ವಿಪರ್ಯಾಸವಲ್ಲವೆ? ಮೇಲುನೋಟಕ್ಕೆ ಹೌದು. ಆದರೆ ಆ ಗಾಯಕಿಗೆ ದೊರೆತದ್ದು ವರ್ಷಗಟ್ಟಲೆ ಎದುರಿಗೆ ಕುಳಿತು ತಿದ್ದುವ ಗುರು. ಇಂದಿನ ಕಳ್ಳಂಬೆಳ್ಳದ ಹುಡುಗಿಗೆ ಹತ್ತಿರದಲ್ಲಿ ಕುಂದಗೋಳವಿಲ್ಲ. ಅಂತಹ ಗುರುವಿನ ಬಳಿಗೆ, ಕುಲವನ್ನೂ ಪರಿಚಯವನ್ನೂ ಕೇಳದೆ, ಅರ್ಜಿಯ ಮೂಲಕ ಹೋಗುವ ಬಾಗಿಲೆಂದು ವಿಶ್ವವಿದ್ಯಾಲಯವನ್ನು ತಿಳಿಯುವುದು ಸರಿ.

ಆ ಬಾಗಿಲನ್ನು ದಾಟುವುದು ಹೇಗೆ? ಇತರ ವಿಷಯಗಳಲ್ಲಿ ಅಂಕಪಟ್ಟಿಯನ್ನು ನೋಡಿ ಸೇರಿಸಿಕೊಳ್ಳುವುದುಂಟು. ಇಲ್ಲಿ ಹಾಡಿ ತೋರಿಸಬೇಕು. ಮೂರು ನಾಲ್ಕು ಮಂದಿ ವಿದ್ವಾಂಸರು ಎದುರಿಗೆ ಕುಳಿತಿರುತ್ತಾರೆ. ವರ್ಣವನ್ನು ಎರಡು ಕಾಲಗಳಲ್ಲಿ ಹಾಡು ಎನ್ನುತ್ತಾರೆ. ಒಂದು ಕೃತಿಯನ್ನು ಕೇಳುತ್ತಾರೆ. ಹಾಡುವ ಮೊದಲು ಆ ರಾಗವನ್ನು ಸ್ವಲ್ಪ ಆಲಾಪನೆ ಮಾಡು ಎನ್ನುತ್ತಾರೆ. ಶ್ರುತಿ ನಿಂತಿದೆಯೆ, ತಾಳ ಓಡುತ್ತಿದೆಯೆ ಎಂಬುದು ಬಲ್ಲವರಿಗೆ ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ. ಸ್ನಾತಕೋತ್ತರ ತರಗತಿಯಲ್ಲಿ ಸರಳೆ ಜಂಟೆಗಳನ್ನು ಕಲಿಸುವುದಿಲ್ಲ. ಎಳೆಯ ವಯಸ್ಸಿನಲ್ಲಿ ಆರಂಭಿಸಿ, ನಮ್ಮ ರಾಜ್ಯದಲ್ಲಿ ನಡೆಯುವ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಂತಹ ಮೆಟ್ಟಿಲುಗಳನ್ನು ಹತ್ತಿದವರಿಗೆ ಈ ಕೋಣೆಯಲ್ಲಿ ಅಂಜಿಕೆ ಕಡಿಮೆ.

ಪದವಿಗೆ ಎಂ.ಎ., ಎಂ.ಮ್ಯೂಸಿಕ್, ಎಂ.ಪಿ.ಎ. ಎಂದು ಬೇರೆ ಬೇರೆ ಹೆಸರುಗಳುಂಟು. ಅವಧಿ ಸಾಮಾನ್ಯವಾಗಿ ಎರಡು ವರ್ಷ. ಲಿಖಿತ ವಿಷಯಗಳಲ್ಲಿ ಸಂಗೀತದ ಚರಿತ್ರೆಯೂ ಲಕ್ಷಣ ಗ್ರಂಥಗಳೂ ಸೇರುತ್ತವೆ. ಶಾರ್ಙ್ಗದೇವನ 'ಸಂಗೀತ ರತ್ನಾಕರ', ವಿಜಯನಗರದ ಕಾಲದ ರಾಮಾಮಾತ್ಯನ 'ಸ್ವರಮೇಳ ಕಲಾನಿಧಿ', 72 ಮೇಳಗಳ ಯೋಜನೆಯನ್ನು ಕೊಟ್ಟ ವೆಂಕಟಮಖಿಯ 'ಚತುರ್ದಂಡೀ ಪ್ರಕಾಶಿಕೆ' ಮೊದಲಾದುವುಗಳ ಪರಿಚಯ ಬೇಕಾಗುತ್ತದೆ. ಇವನ್ನು ಓದಿ ನೆನಪಿಟ್ಟುಕೊಳ್ಳುವುದು ಪರಿಶ್ರಮಿಗಳಿಗೆ ಕಷ್ಟವಲ್ಲ. ನಿಜವಾದ ಕಷ್ಟವಿರುವುದು ಮನೋಧರ್ಮ ಸಂಗೀತದಲ್ಲಿ.

ಕಲಿತ ಕೃತಿಯನ್ನು ಕಲಿತಂತೆ ಹಾಡುವುದು ಒಂದು ಹಂತ. ಅದರಲ್ಲಿ ಗಾಯಕನ ಸ್ವಂತ ಬುದ್ಧಿಗೆ ಅವಕಾಶ ಕಡಿಮೆ. ಆಲಾಪನೆಯಲ್ಲಾದರೋ ಸಾಹಿತ್ಯವಿಲ್ಲ, ತಾಳವಿಲ್ಲ, ರಾಗವೊಂದೇ ಆಧಾರ. ತೋಡಿ ರಾಗವನ್ನು ಇಪ್ಪತ್ತು ನಿಮಿಷ ಹಾಡಬೇಕೆಂದರೆ ಹೇಳಿದ್ದನ್ನೇ ಹೇಳದೆ, ರಾಗದ ಮೇರೆಯನ್ನೂ ಮೀರದೆ, ಪ್ರತಿ ಕ್ಷಣವೂ ಹೊಸದನ್ನು ಕಾಣುತ್ತಿರಬೇಕು. ಸಾಹಿತ್ಯದ ಒಂದೇ ಸಾಲನ್ನು ಅದರ ತಾಳದ ಚೌಕಟ್ಟಿನೊಳಗೆ ಬಗೆಬಗೆಯಾಗಿ ಬೆಳೆಸುವುದು ನೆರವಲ್. ಸಾಲಿನ ಎಡುಪಿಗೆ ಬಂದು ಸೇರುವಂತೆ ಸ್ವರಗಳನ್ನು ಆಗಿಂದಾಗ್ಗೆ ಹೆಣೆಯುವುದು ಕಲ್ಪನಾಸ್ವರ. ಇವೆಲ್ಲಕ್ಕೂ ಶಿಖರದಂತಿರುವುದು ರಾಗ, ತಾನ, ಪಲ್ಲವಿ. ಇದರಲ್ಲಿ ತಾಳವನ್ನು ಒಂದೇ ನಡೆಯಲ್ಲಿ ಹಾಕುತ್ತಾ, ಪಲ್ಲವಿಯ ಸಾಲನ್ನು ಅರ್ಧ ವೇಗಕ್ಕೆ ಇಳಿಸಿ, ಬಳಿಕ ಇಮ್ಮಡಿ ವೇಗಕ್ಕೆ ಏರಿಸಿ ಹಾಡಬೇಕು. ಕೈ ಒಂದು ಲೆಕ್ಕವನ್ನು ಹಿಡಿದಿರುತ್ತದೆ, ಕಂಠ ಇನ್ನೊಂದನ್ನು. ಗಣಿತದಲ್ಲಿ ಜಾಣರಾದ ನಿಮ್ಮಲ್ಲಿ ಯಾರಾದರೂ ಆದಿತಾಳವನ್ನು ಹಾಕುತ್ತಾ ನಿಮ್ಮ ಹೆಸರನ್ನೇ ಈ ಮೂರು ವೇಗಗಳಲ್ಲಿ ಹೇಳಿ ನೋಡಬಹುದು. ಎಲ್ಲಿ ಕೈ ಜಾರುತ್ತದೆಂಬುದು ಗೊತ್ತಾಗುತ್ತದೆ.

ಇದನ್ನು ಪುಸ್ತಕದಿಂದ ಕಲಿಯಲು ಬಾರದು. ಗುರು ಒಂದು ಸಂಚಾರವನ್ನು ಹಾಡುತ್ತಾರೆ, ಶಿಷ್ಯೆ ಹಿಂದಿನಿಂದ ಹಾಡುತ್ತಾಳೆ. ಗಮಕ ಒಂದಿಷ್ಟು ಸಪ್ಪೆಯಾದರೆ ಮತ್ತೆ ಹಾಡಿಸುತ್ತಾರೆ. ಯೂರೋಪಿನ ಕನ್ಸರ್ವೇಟರಿಗಳಲ್ಲಿಯೂ ಮುಖ್ಯ ಪಾಠ ಹೀಗೆಯೇ, ಒಬ್ಬ ಗುರು, ಒಬ್ಬ ವಿದ್ಯಾರ್ಥಿ. ಅಲ್ಲಿ ಇನ್ನೊಂದು ಪದ್ಧತಿಯೂ ಇದೆ. ಹೊರಗಿನಿಂದ ಬಂದ ಹಿರಿಯ ಕಲಾವಿದರು ಎಲ್ಲರ ಎದುರಿನಲ್ಲಿ ಒಬ್ಬ ವಿದ್ಯಾರ್ಥಿಯ ವಾದನವನ್ನು ಕೇಳಿ ಅಲ್ಲಿಯೇ ತಿದ್ದುತ್ತಾರೆ. ಉಳಿದವರು ಕುಳಿತು ನೋಡುತ್ತಾರೆ. ಮಾಸ್ಟರ್ ಕ್ಲಾಸ್ ಎಂದು ಇದರ ಹೆಸರು. ಹತ್ತು ಜನರ ಮುಂದೆ ತಪ್ಪನ್ನು ಹೇಳಿಸಿಕೊಳ್ಳುವುದು ಯಾರಿಗೂ ಹಿತವಲ್ಲ. ಆದರೆ ಕಲಾವಿದನು ಬಾಳುವುದು ಜನರ ಮುಂದೆಯೇ ತಾನೆ!

ತರಗತಿಯಲ್ಲಿ ಕಲಿಯುವುದು ದಿನಕ್ಕೆ ಒಂದೆರಡು ಗಂಟೆ, ಉಳಿದದ್ದು ಸಾಧನೆ. ಬೆಳಗಿನ ಜಾವ ಎದ್ದು ಮಂದ್ರಸ್ಥಾಯಿಯಲ್ಲಿ ಕಂಠವನ್ನು ನಿಲ್ಲಿಸುವುದು, ಒಂದು ಪಲುಕು ಹಿಡಿತಕ್ಕೆ ಬರುವವರೆಗೆ ನೂರು ಸಲ ಹಾಡುವುದು, ಹಿರಿಯರ ಧ್ವನಿಮುದ್ರಣಗಳನ್ನು ಕೇಳುವುದು. ಹೊಲದ ಕೆಲಸವೋ ನೌಕರಿಯೋ ಮಾಡುತ್ತಾ ಈ ಸಾಧನೆಗೆ ಹೊತ್ತು ಹೊಂದಿಸುವುದು ಕಷ್ಟ. ನನ್ನ ಎಣಿಕೆಯಲ್ಲಿ ಎರಡು ವರ್ಷದ ಪದವಿಯ ದೊಡ್ಡ ಕೊಡುಗೆ ಈ ಬಿಡುವೇ. ಅರಮನೆಯು ವಾಸುದೇವಾಚಾರ್ಯರಿಗೆ ಕೊಟ್ಟದ್ದೂ ಇದನ್ನೇ. ಆ ಬಿಡುವನ್ನು ಹಾಸ್ಟೆಲಿನ ಹರಟೆಯಲ್ಲಿ ಕಳೆದವರಿಗೆ ಪದವಿ ಪತ್ರ ದೊರೆತರೂ ಸಂಗೀತ ದೊರೆಯದು.

ಕೊನೆಗೆ ಪರೀಕ್ಷೆ. ಉಳಿದ ಪತ್ರಿಕೆಗಳು ಏನೇ ಇರಲಿ, ಎಲ್ಲರ ಕಣ್ಣೂ ಇರುವುದು ಕಚೇರಿಯ ಮೇಲೆ. ವೇದಿಕೆಯ ಮೇಲೆ ತಂಬೂರಿ, ಪಕ್ಕದಲ್ಲಿ ಪಿಟೀಲು, ಮೃದಂಗ; ಎದುರಿಗೆ ಪರೀಕ್ಷಕರು, ಅವರ ಹಿಂದೆ ಸಹಪಾಠಿಗಳೂ ರಸಿಕರೂ. ವರ್ಣದಿಂದ ಆರಂಭಿಸಿ, ಚಿಕ್ಕ ಕೃತಿಗಳನ್ನು ಹಾಡಿ, ಪ್ರಧಾನ ರಾಗವನ್ನು ವಿಸ್ತರಿಸಿ, ಮೃದಂಗದವರಿಗೆ ತನಿ ಆವರ್ತನಕ್ಕೆ ಎಡೆಗೊಟ್ಟು, ದೇವರನಾಮದಿಂದಲೋ ತಿಲ್ಲಾನದಿಂದಲೋ ಮುಗಿಸಬೇಕು. ಇಷ್ಟನ್ನೂ ಗೊತ್ತಾದ ಹೊತ್ತಿನೊಳಗೆ ಅಡಕಮಾಡಬೇಕು. ಬರವಣಿಗೆಯ ಪರೀಕ್ಷೆಯಲ್ಲಿ ತಪ್ಪಿದ ಸಾಲನ್ನು ಹೊಡೆದು ಹಾಕಬಹುದು. ಇಲ್ಲಿ ತಪ್ಪಿದ ಸ್ವರವನ್ನು ಹಿಂದಕ್ಕೆ ಕರೆಯಲು ಸಾಧ್ಯವಿಲ್ಲ. ತಪ್ಪಿದ್ದನ್ನು ಮುಖದಲ್ಲಿ ತೋರಗೊಡದೆ ಮುಂದಿನ ಆವರ್ತದಲ್ಲಿ ಸರಿಪಡಿಸಿಕೊಳ್ಳುವ ಜಾಣ್ಮೆಯನ್ನೂ ಪರೀಕ್ಷಕರು ಗಮನಿಸುತ್ತಾರೆ. ಹಟ್ಟಿಯಲ್ಲಿ ಗಣೆ ಹಿಡಿದು ಕುಳಿತವನ ಪರೀಕ್ಷೆಯೂ ಇದಕ್ಕಿಂತ ಬಹಳ ಬೇರೆಯಾದುದಲ್ಲ. ಕಥೆಯನ್ನು ಬಾಲ್ಯದಿಂದ ಕೇಳಿದ ಹಿರಿಯರು ಎದುರಿಗಿರುವಾಗ ಒಂದು ಸಾಲು ತಪ್ಪಿದರೆ ಅವರು ಸುಮ್ಮನಿರುವರೆ?

ಪದವಿಯಾದ ಮೇಲೆ ಜೀವನವೇನು ಎಂಬ ಅಜ್ಜನ ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ಕಠಿಣವಾದುದು. ಕಚೇರಿಗಳಿಂದಲೇ ಸಂಸಾರ ಸಾಗಿಸುವವರು ಕೆಲವರು ಮಾತ್ರ. ಕಾಲೇಜುಗಳಲ್ಲಿ ಸಂಗೀತದ ಅಧ್ಯಾಪಕರಾಗಲು ಈ ಪದವಿ ಬೇಕು. ಆದರೆ ಅಂತಹ ಸ್ಥಾನಗಳು ಹೆಚ್ಚಿಲ್ಲ. ಆಕಾಶವಾಣಿಯು ಕಲಾವಿದರ ಗಾಯನವನ್ನು ಪರೀಕ್ಷಿಸಿ ಬಿ, ಬಿ ಹೈ, ಎ, ಎ ಟಾಪ್ ಎಂಬ ಶ್ರೇಣಿಗಳನ್ನು ಕೊಡುತ್ತದೆ. ಅಲ್ಲಿ ಪದವಿಯ ಹೆಸರು ನಡೆಯುವುದಿಲ್ಲ, ಕಂಠವೇ ನಡೆಯಬೇಕು. ಹಲವರು ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾರೆ. ಹಾಗೆ ಕಲಿತವಳೊಬ್ಬಳು ಹಿಂದಿರುಗಿ ಕಳ್ಳಂಬೆಳ್ಳದಲ್ಲಿಯೋ ಶಿರಾದಲ್ಲಿಯೋ ಸಂಜೆಯ ಪಾಠವನ್ನು ಆರಂಭಿಸಿದರೆ, ಮುಂದೆ ಸಂಗೀತ ಕಲಿಯಬಯಸುವ ಮಗು ಸರಳೆ ವರಸೆಗಾಗಿ ತುಮಕೂರಿನ ಬಸ್ಸನ್ನು ಕಾಯಬೇಕಾಗುವುದಿಲ್ಲ.