ಒಕ್ಕಣ್ಣನ ಹೊಟ್ಟೆ ಹೊಕ್ಕ ಹುಳು

ಸುಬ್ರಹ್ಮಣ್ಯದ ಆಸುಪಾಸಿನ ಯಾವುದಾದರೂ ತೋಟದ ಕೆರೆಯಿಂದ ಒಂದು ಗಾಜಿನ ಲೋಟ ನೀರು ತೆಗೆದು ಬೆಳಕಿಗೆ ಹಿಡಿಯಿರಿ. ಸೂಜಿಮೊನೆಯಷ್ಟು ಸಣ್ಣ ಬಿಳಿ ಚುಕ್ಕೆಗಳು ನೆಗೆನೆಗೆದು ಈಜುವುದು ಕಂಡೀತು. ಭೂತಗನ್ನಡಿಯಲ್ಲಿ ನೋಡಿದರೆ ತಲೆಯಲ್ಲಿ ಒಂದೇ ಕಣ್ಣು. ಹೆಣ್ಣಾದರೆ ಬಾಲದ ಎರಡೂ ಬದಿಗೆ ಮೊಟ್ಟೆಯ ಚೀಲ. ಇದೇ ಸೈಕ್ಲಾಪ್ಸ್. ಗ್ರೀಕ್ ಪುರಾಣದ ಒಕ್ಕಣ್ಣ ದೈತ್ಯನ ಹೆಸರು ಹೊತ್ತಿದ್ದರೂ ಉದ್ದ ಒಂದೆರಡು ಮಿಲಿಮೀಟರ್ ಮಾತ್ರ. ಇದು ಸಿಗಡಿ, ಏಡಿಗಳ ಬಳಗಕ್ಕೆ ಸೇರಿದ ಜೀವಿ.

ಸೈಕ್ಲಾಪ್ಸ್ ತಾನಾಗಿ ಯಾರಿಗೂ ಕೆಡುಕು ಮಾಡದು. ಆದರೆ ಒಂದು ಕಾಲಕ್ಕೆ ಉತ್ತರ ಕರ್ನಾಟಕದ ಬಯಲುಸೀಮೆಯಲ್ಲಿ ಇದೇ ಜೀವಿಯ ಮೂಲಕ ನಾರುಹುಣ್ಣು ಹರಡುತ್ತಿತ್ತು. ಮನೆಯ ದುಡಿಯುವವರು ವಾರಗಟ್ಟಲೆ ಹಾಸಿಗೆ ಹಿಡಿಯುತ್ತಿದ್ದರು.

ಮಂಕಾಗುವ ಸೈಕ್ಲಾಪ್ಸ್

ರೋಗಿಯ ಕಾಲಿನ ಹುಣ್ಣಿನಿಂದ ದಾರದಂತಹ ಹೆಣ್ಣು ಹುಳು ಇಣುಕುತ್ತದೆ. ಉರಿ ತಾಳದೆ ಆತ ಮೆಟ್ಟಿಲು ಬಾವಿಯ ನೀರಿಗೆ ಕಾಲಿಟ್ಟರೆ ಸಾವಿರಾರು ಮರಿಗಳು ಹೊರಬೀಳುತ್ತವೆ. ಅವನ್ನು ಸೈಕ್ಲಾಪ್ಸ್ ತಿನ್ನುತ್ತದೆ. ಮರಿಗಳು ಅದರ ಕರುಳನ್ನು ಕೊರೆದು ದೇಹದೊಳಗೆ ಸೇರಿ, ಸುಮಾರು ಎರಡು ವಾರಗಳಲ್ಲಿ ಬಲಿಯುತ್ತವೆ. ಹೆಚ್ಚು ಮರಿಗಳು ಹೊಕ್ಕರೆ ಸೈಕ್ಲಾಪ್ಸ್ ಸಾಯುತ್ತದೆ. ಒಂದೆರಡಾದರೆ ಬದುಕುಳಿಯುತ್ತದೆ, ಆದರೆ ಚುರುಕು ಕಳೆದುಕೊಂಡು ತಳಕ್ಕಿಳಿಯುತ್ತದೆ. ಬೇಸಿಗೆಯಲ್ಲಿ ನೀರು ತಳ ಕಂಡಾಗ ಕೊಡಕ್ಕೆ ಬರುವುದು ಈ ತಳದ ನೀರೇ! ಅದನ್ನು ಕುಡಿದವರ ಹೊಟ್ಟೆಯಲ್ಲಿ ಸೈಕ್ಲಾಪ್ಸ್ ಜೀರ್ಣವಾಗುತ್ತದೆ, ಮರಿಗಳು ಉಳಿಯುತ್ತವೆ. ಸುಮಾರು ಒಂದು ವರ್ಷದ ಬಳಿಕ, ಒಂದು ಮೀಟರ್‌ವರೆಗೂ ಬೆಳೆದ ಹುಳು ಕಾಲಿನಿಂದ ಹೊರಬರುತ್ತದೆ.

ನಮ್ಮ ಕಡೆ ಹಗ್ಗ, ರಾಟೆ ಹಾಕಿ ಸೇದುವ ಬಾವಿಗಳಲ್ಲಿ ಯಾರೂ ನೀರಿಗೆ ಕಾಲಿಡಬೇಕಿಲ್ಲ. ಕುಮಾರಧಾರೆಯಂತಹ ಹರಿಯುವ ಹೊಳೆಯಲ್ಲೂ ಈ ಸರಪಳಿ ಕೂಡಿಬರುವುದು ಕಷ್ಟ.

ಧ್ರುವ ಸಾಗರದ ಸೋದರ

ಎಲ್ಲ ಪರೋಪಜೀವಿಗಳೂ ಹೀಗೆ ಕಾಯುವುದಿಲ್ಲ. ಅಂಟಾರ್ಕ್ಟಿಕ ಸಾಗರದ ತಿಮಿಂಗಿಲ, ಪೆಂಗ್ವಿನ್‌ಗಳಿಗೆ ಆಹಾರವಾದ ಕ್ರಿಲ್ ಕೂಡ ಸಿಗಡಿಯಂತಹದೇ ಜೀವಿ. ಕೊಲಿನಿಯಾ ಎಂಬ ಏಕಕೋಶ ಪರೋಪಜೀವಿ ಕ್ರಿಲ್‌ನ ದೇಹದೊಳಗೆ ಬೆಳೆದು ತುಂಬಿ, ಕೊನೆಗೆ ಅದನ್ನು ಒಡೆದುಕೊಂಡೇ ಹೊರಬರುತ್ತದೆ. ಅಮೆರಿಕದ ಪಶ್ಚಿಮ ಕರಾವಳಿಯಾಚೆ 2001ರಲ್ಲಿ ಕಂಡ ಕ್ರಿಲ್‌ಗಳ ಸಾಮೂಹಿಕ ಸಾವಿಗೆ ಇದೇ ಕಾರಣವೆಂದು ವಿಜ್ಞಾನಿಗಳು 2003ರಲ್ಲಿ ತಿಳಿಸಿದರು. ಅಂಟಾರ್ಕ್ಟಿಕದ ಕ್ರಿಲ್‌ನಲ್ಲೂ ಕೊಲಿನಿಯಾ ಕಂಡುಬಂದಿದೆ.

ಬಟ್ಟೆಯ ಗೆಲುವು

ನಾರುಹುಳುವಿಗಾದರೋ ತನ್ನ ಸೈಕ್ಲಾಪ್ಸ್ ಮನುಷ್ಯನ ಬಾಯಿ ಸೇರುವವರೆಗೆ ಬದುಕಿರಲೇಬೇಕು. ಅದರ ದೌರ್ಬಲ್ಯವೂ ಇದೇ. ಈ ರೋಗಕ್ಕೆ ಲಸಿಕೆ ಇಲ್ಲ, ಹುಳುವನ್ನು ಕೊಲ್ಲುವ ಔಷಧಿಯೂ ಇಲ್ಲ. ಆದರೆ ಬಟ್ಟೆಯಲ್ಲಿ ಸೋಸಿದರೆ ಸೈಕ್ಲಾಪ್ಸ್ ನಿಲ್ಲುತ್ತದೆ! 1983–84ರಲ್ಲಿ ಭಾರತ ನಿರ್ಮೂಲನ ಕಾರ್ಯಕ್ರಮ ಆರಂಭಿಸಿದಾಗ ಕರ್ನಾಟಕವೂ ಸೇರಿ 7 ರಾಜ್ಯಗಳಲ್ಲಿ ರೋಗವಿತ್ತು. 1984ರಲ್ಲಿ ಸುಮಾರು 40 ಸಾವಿರ ರೋಗಿಗಳು ಪತ್ತೆಯಾದರು. ನೀರು ಸೋಸುವುದನ್ನು ಹಳ್ಳಿಹಳ್ಳಿಗೆ ಕಲಿಸಲಾಯಿತು. ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಲಾಯಿತು, ಕೊಳವೆ ಬಾವಿ ತೋಡಲಾಯಿತು, ನೀರಿಗೆ ಸೈಕ್ಲಾಪ್ಸ್ ಕೊಲ್ಲುವ ಟೆಮಿಫಾಸ್ ಹಾಕಲಾಯಿತು. ದೇಶದ ಕೊನೆಯ ರೋಗಿ ಕಂಡದ್ದು 1996ರ ಜುಲೈಯಲ್ಲಿ, ರಾಜಸ್ಥಾನದಲ್ಲಿ. 2000ರ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತವೆಂದು ಸಾರಿತು. ಈಚಿನ ವರ್ಷಗಳಲ್ಲಿ ಇಡೀ ಜಗತ್ತಿನಲ್ಲಿ ವರ್ಷಕ್ಕೆ 20ಕ್ಕಿಂತ ಕಡಿಮೆ ಜನರಲ್ಲಿ ಮಾತ್ರ ಇದು ಕಾಣಿಸಿದೆ.

ಶಾಲೆಯಲ್ಲಿ ಸೂಕ್ಷ್ಮದರ್ಶಕವಿದ್ದರೆ ಒಂದು ಹನಿ ಕೆರೆ ನೀರನ್ನು ಅದರಡಿ ಇಟ್ಟು ನೋಡಿ. ಅದೇ ನೀರನ್ನು ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ ಮತ್ತೊಮ್ಮೆ ನೋಡಿ. ಒಕ್ಕಣ್ಣ ಎಲ್ಲಿ ಉಳಿದನೆಂಬುದು ನಿಮಗೇ ತಿಳಿಯುತ್ತದೆ. ಕೈ ತೊಳೆಯುವುದನ್ನು ಮಾತ್ರ ಮರೆಯಬೇಡಿ.