ಬೆಕ್ಕಿನ ಕಣ್ಣು, ಬೆಕ್ಕಿನ ಕಿವಿ

ಕತ್ತಲೆಯಲ್ಲಿ ಬೆಕ್ಕಿನ ಕಣ್ಣು ದೀಪದಂತೆ ಉರಿಯುತ್ತದೆ ಎಂದು ಮಕ್ಕಳು ಹೇಳುವುದುಂಟು. ಅವರು ಕಂಡದ್ದು ಸುಳ್ಳಲ್ಲ. ಊಹಿಸಿದ ಕಾರಣವಷ್ಟೇ ತಪ್ಪು. ಶಿಕ್ಷಕರು ಪಾಠವನ್ನು ಇಲ್ಲಿಂದಲೇ ಆರಂಭಿಸುವುದು ಉಚಿತ. ಆ ಕಣ್ಣಿಗೆ ಸ್ವಂತ ಬೆಳಕಿಲ್ಲ. ಅಕ್ಷಿಪಟಲದ ಹಿಂದಿರುವ ಕನ್ನಡಿಯಂಥ ಪದರವು ಒಳಬಂದ ಬೆಳಕನ್ನು ಹಿಂದಿರುಗಿಸಿ, ದೃಷ್ಟಿಕೋಶಗಳಿಗೆ ಅದನ್ನು ಎರಡನೆಯ ಬಾರಿ ಒದಗಿಸುತ್ತದೆ. ಉಳಿದುದು ಹೊರಬಂದು ಹೊಳಪಾಗಿ ಕಾಣುತ್ತದೆ. ಅಗಲವಾಗಿ ತೆರೆಯುವ ಪಾಪೆಯೂ ನೆರವಾಗುವುದರಿಂದ, ಮನುಷ್ಯನಿಗೆ ಬೇಕಾಗುವ ಬೆಳಕಿನ ಸುಮಾರು ಆರನೆಯ ಒಂದು ಭಾಗ ಬೆಕ್ಕಿಗೆ ಸಾಕು. ಪೂರ್ಣ ಕತ್ತಲೆಯಲ್ಲಿ ಅದಕ್ಕೂ ಏನೂ ಕಾಣದು.

ಅಲ್ಲಿ ಕಿವಿಯೇ ಆಧಾರ. ಮನುಷ್ಯನ ಶ್ರವಣಮಿತಿ ಸುಮಾರು 20,000 ಹರ್ಟ್ಸ್; ಬೆಕ್ಕಿನದು 60,000ವನ್ನೂ ಮೀರುತ್ತದೆ. ಆದ್ದರಿಂದ ಮನುಷ್ಯರಿಗೆ ಕೇಳಿಸದ ಇಲಿಮರಿಗಳ ಕೀರಲು ಅದಕ್ಕೆ ಕೇಳಿಸುತ್ತದೆ. ಮಲಗಿರುವ ಬೆಕ್ಕಿನ ಕಿವಿ ಸದ್ದಿನತ್ತ ತಿರುಗುವುದನ್ನು ಗಮನಿಸಿ ಬರಲು ಮಕ್ಕಳಿಗೆ ಹೇಳಬಹುದು.