ಅರೆವಾಹಕದ ಚುಕ್ಕೆಯಿಂದ ಜೋಡಿ ಫೋಟಾನುಗಳು

ಬೆಳಕು ಫೋಟಾನುಗಳೆಂಬ ಶಕ್ತಿಕಣಗಳಾಗಿ ಹೊಮ್ಮುತ್ತದೆಂಬುದನ್ನು ವಾಚಕರು ಬಲ್ಲರು. ಒಂದೇ ಮೂಲದಿಂದ ಹುಟ್ಟಿದ ಎರಡು ಫೋಟಾನುಗಳ ಧ್ರುವೀಕರಣಗಳು ಪರಸ್ಪರ ಹೆಣೆದುಕೊಂಡಿರಬಹುದು. ಆಗ ಒಂದನ್ನು ಅಳೆದರೆ, ಇನ್ನೊಂದು ಎಷ್ಟೇ ದೂರದಲ್ಲಿರಲಿ, ಅದೇ ಬಗೆಯ ಅಳತೆಗೆ ಅದು ಕೊಡುವ ಉತ್ತರವನ್ನು ಮೊದಲೇ ಹೇಳಬಹುದು. ಗುಪ್ತಲಿಪಿಯ ಕೀಲಿಯನ್ನು ಹಂಚಿಕೊಳ್ಳಲು ಈ ಗುಣವು ಬಹು ಉಪಯುಕ್ತ. ನಡುವೆ ಕದ್ದು ನೋಡುವವನು ಹೆಣಿಗೆಯನ್ನು ಕೆಡಿಸಿ ತಾನೇ ಸಿಕ್ಕಿಬೀಳುತ್ತಾನೆ.

ಸರ್ ಸಿ. ವಿ. ರಾಮನ್ನರು 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಂಶೋಧನಾ ಸಂಸ್ಥೆಯಲ್ಲಿ ಇಂತಹ ಜೋಡಿಗಳನ್ನು ವಿಶೇಷ ಸ್ಫಟಿಕದೊಳಗೆ ಲೇಸರ್ ಕಿರಣವನ್ನು ಹಾಯಿಸಿ ಪಡೆಯುತ್ತಾರೆ. ಜೋಡಿಯಲ್ಲಿ ಒಂದನ್ನು ಅಲ್ಲಿಯೇ ಇರಿಸಿಕೊಂಡು, ಇನ್ನೊಂದನ್ನು ತುಮಕೂರಿನ ಬಳಿಯ ಹಿರೇಹಳ್ಳಿಗೆ ಸುಮಾರು 60 ಕಿಲೋಮೀಟರು ಉದ್ದದ ಗಾಜಿನ ಎಳೆಯಲ್ಲಿ ಕಳುಹಿಸುವೆವೆಂದು ಭಾವಿಸೋಣ. ಎಳೆಯಲ್ಲಿ ಅತಿ ಕಡಿಮೆ ನಷ್ಟವಾಗುವುದು 1550 ನ್ಯಾನೋಮೀಟರು ತರಂಗದೂರದ ಬೆಳಕಿಗೆ. ಅದರಲ್ಲಿಯೂ ಹೊರಟ 100 ಫೋಟಾನುಗಳಲ್ಲಿ ಹಿರೇಹಳ್ಳಿಯನ್ನು ಮುಟ್ಟುವುವು ಸುಮಾರು ಆರು ಮಾತ್ರ. ಫೋಟಾನಿನ ಅಜ್ಞಾತ ಸ್ಥಿತಿಯನ್ನು ನಕಲು ಮಾಡಲು ಪ್ರಕೃತಿನಿಯಮವೇ ಅವಕಾಶ ಕೊಡದು. ಆದುದರಿಂದ ದಾರಿಯಲ್ಲಿ ವರ್ಧಕವನ್ನಿಡುವಂತಿಲ್ಲ. ಹೊರಡುವ ಜೋಡಿಗಳನ್ನೇ ಹೆಚ್ಚಿಸಬೇಕು. ಆದರೆ ಸ್ಫಟಿಕದಲ್ಲಿ ಜೋಡಿ ಹುಟ್ಟುವುದು ಆಕಸ್ಮಿಕ. ಲೇಸರನ್ನು ಪ್ರಖರಗೊಳಿಸಿದರೆ ಒಂದೇ ಸ್ಪಂದದಲ್ಲಿ ಹಲವು ಜೋಡಿಗಳು ಹುಟ್ಟಿ, ಯಾವುದಕ್ಕೆ ಯಾವುದು ಜೊತೆಯೆಂಬುದು ತಿಳಿಯದಾಗುತ್ತದೆ.

ಕೇಳಿದಾಗ ಒಂದೇ ಜೋಡಿಯನ್ನು ಕೊಡಬಲ್ಲ ಮೂಲವೆಂದರೆ ಕ್ವಾಂಟಂ ಚುಕ್ಕೆ. ಗ್ಯಾಲಿಯಂ ಆರ್ಸೆನೈಡಿನಲ್ಲಿ ಹುದುಗಿದ, ಸುಮಾರು 20 ನ್ಯಾನೋಮೀಟರು ಅಗಲದ ಇಂಡಿಯಂ ಆರ್ಸೆನೈಡಿನ ದ್ವೀಪವು ಇದಕ್ಕೊಂದು ಉದಾಹರಣೆ. ಇಷ್ಟು ಇಕ್ಕಟ್ಟಿನಲ್ಲಿ ಎಲೆಕ್ಟ್ರಾನಿನ ಶಕ್ತಿಮಟ್ಟಗಳು ಪರಮಾಣುವಿನಲ್ಲಿರುವಂತೆ ಬಿಡಿಬಿಡಿಯಾಗುತ್ತವೆ. ದ್ರವ ಹೀಲಿಯಮಿನಷ್ಟು ತಣ್ಣಗಿರುವ ಚುಕ್ಕೆಯಲ್ಲಿ ಲೇಸರ್ ಸ್ಪಂದವು ಎರಡು ಎಲೆಕ್ಟ್ರಾನುಗಳನ್ನೂ ಎರಡು ರಂಧ್ರಗಳನ್ನೂ ಉಂಟುಮಾಡುತ್ತದೆ. ಅವು ಎರಡು ಮೆಟ್ಟಿಲುಗಳಲ್ಲಿ ಕೂಡಿಕೊಂಡು, ಒಂದರ ಹಿಂದೊಂದರಂತೆ ಎರಡು ಫೋಟಾನುಗಳನ್ನು ಸೂಸುತ್ತವೆ. ಇಳಿಯಲು ಎರಡು ದಾರಿಗಳುಂಟು: ಒಂದರಲ್ಲಿ ಎರಡೂ ಫೋಟಾನುಗಳ ಧ್ರುವೀಕರಣ ಅಡ್ಡ, ಇನ್ನೊಂದರಲ್ಲಿ ಎರಡರದೂ ಲಂಬ. ಇಳಿದ ದಾರಿ ಯಾವುದೆಂದು ತಿಳಿಸುವ ಗುರುತು ಇಲ್ಲದಿದ್ದರೆ ಮಾತ್ರ ಜೋಡಿಯು ಹೆಣೆದುಕೊಂಡಿರುತ್ತದೆ.

ತೊಡಕಿರುವುದು ಇಲ್ಲಿಯೇ. ದ್ವೀಪವು ಒಂದು ಕಡೆಗೆ ತುಸು ಉದ್ದವಾಗಿದ್ದರೂ ನಡುವಣ ಮಟ್ಟವು ಎರಡಾಗಿ ಸೀಳುತ್ತದೆ. ಫೋಟಾನಿನ ಬಣ್ಣವೇ ದಾರಿಯ ಗುಟ್ಟನ್ನು ಬಿಟ್ಟುಕೊಡುತ್ತದೆ. 2000ದಲ್ಲಿ ಯಾಮಮೊಟೊ ಮತ್ತು ಸಂಗಡಿಗರು ಸೂಚಿಸಿದ್ದ ಈ ವಿಧಾನವು 2006ರಲ್ಲಿ ಕೈಗೂಡಿತು. ಗುರುತನ್ನು ಅಳಿಸಲು ಕೇಂಬ್ರಿಜ್‌ನವರು ಕಾಂತಕ್ಷೇತ್ರವನ್ನೂ ಹೈಫಾದವರು ಬಣ್ಣದ ಶೋಧಕವನ್ನೂ ಬಳಸಿದರು. ಅನಂತರ, ವೋಲ್ಟೇಜಿಗೆ ಹಿಗ್ಗಿ ಕುಗ್ಗುವ ಸ್ಫಟಿಕದ ಮೇಲೆ ಚುಕ್ಕೆಯನ್ನು ಅಂಟಿಸಿ, ಹಿತಮಿತವಾಗಿ ಅದುಮಿ ಸೀಳನ್ನು ಮುಚ್ಚುವ ಉಪಾಯವೂ ಬಂದಿತು.

ಇನ್ನೊಂದು ಅಡ್ಡಿಯುಂಟು. ಗ್ಯಾಲಿಯಂ ಆರ್ಸೆನೈಡಿನ ವಕ್ರೀಭವನಾಂಕ ಸುಮಾರು 3.5. ಪೂರ್ಣ ಆಂತರಿಕ ಪ್ರತಿಫಲನದ ದೆಸೆಯಿಂದ, ಸಮತಟ್ಟಾದ ಮೇಲ್ಮೈಯಿಂದ ಹೊರಬೀಳುವ ಬೆಳಕು ಶೇಕಡ ಎರಡರಷ್ಟೇ. ಚುಕ್ಕೆಯ ಸುತ್ತ ಸೂಕ್ಷ್ಮ ಕನ್ನಡಿಗಳನ್ನು ರಚಿಸಿ ಇದನ್ನು ಹೆಚ್ಚಿಸುತ್ತಾರೆ. ಗಾಜಿನ ಎಳೆಗೆ ಒಪ್ಪುವ 1550 ನ್ಯಾನೋಮೀಟರಿನ ಚುಕ್ಕೆಗಳನ್ನೂ ಬೆಳೆಸಿದ್ದಾರೆ. ದಾರಿಯಲ್ಲಿ ಕಳೆದ 94 ಫೋಟಾನುಗಳನ್ನು ಮರಳಿ ತರುವುದು ಅಶಕ್ಯ. ಆದರೆ ಸ್ಪಂದಕ್ಕೊಂದರಂತೆ ಜೋಡಿಯನ್ನು ತಪ್ಪದೆ ಕಳುಹಿಸಬಲ್ಲೆವಾದರೆ, ಉಳಿದ ಆರರಿಂದಲೇ ಕೀಲಿ ಸಿದ್ಧವಾದೀತು.